ಮೂರು ತಿಂಗಳ ಮನೆಮಕ್ಕಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ನುಡಿ. ಇವೆರಡರಲ್ಲಿ ಕೋಶವನ್ನು ಕಾಲೇಜುಗಳು ತಮ್ಮ ಪಾಲಿಗೆ ಇರಿಸಿಕೊಂಡು, ದೇಶವನ್ನು ವಿದ್ಯಾರ್ಥಿಯ ಅದೃಷ್ಟಕ್ಕೂ ಅವನ ತಂದೆಯ ಹಣದ ಚೀಲಕ್ಕೂ ಬಿಟ್ಟುಕೊಟ್ಟಿರುವುದು ಬಹುಮಟ್ಟಿಗೆ ಎಲ್ಲೆಡೆಯ ವಾಡಿಕೆ. ಈ ವಾಡಿಕೆಯನ್ನು ಮುರಿದ ಕಾಲೇಜೊಂದು ಅಮೆರಿಕದಲ್ಲಿದೆ.

ಇಂಡಿಯಾನಾ ರಾಜ್ಯದ ಉತ್ತರ ಭಾಗದ ಗೋಷೆನ್ ಒಂದು ಚಿಕ್ಕ ಪಟ್ಟಣ. ಅಲ್ಲಿಯ ಕಾಲೇಜು 1894ರಲ್ಲಿ ನೆರೆಯ ಎಲ್ಖಾರ್ಟ್ ಊರಿನಲ್ಲಿ ಹುಟ್ಟಿ, 1903ರಲ್ಲಿ ಗೋಷೆನ್ನಿಗೆ ಬಂದು ನೆಲೆಸಿತು. ಅದು ಮೆನ್ನೊನೈಟ್ ಪಂಥದವರ ವಿದ್ಯಾಸಂಸ್ಥೆ. ಹದಿನಾರನೆಯ ಶತಮಾನದಲ್ಲಿ ಯೂರೋಪಿನಲ್ಲಿ ಉದಯಿಸಿದ ಈ ಕ್ರೈಸ್ತ ಪಂಥಕ್ಕೆ ಅಹಿಂಸೆಯೇ ಹಿರಿಯ ವ್ರತ. ಆಯುಧ ಹಿಡಿಯುವುದು ಅವರಿಗೆ ನಿಷಿದ್ಧ.

1968ರಲ್ಲಿ ಈ ಕಾಲೇಜು ತನ್ನ ಪಠ್ಯಕ್ರಮದಲ್ಲಿ ಹೊಸದೊಂದು ಪದ್ಧತಿಯನ್ನು ತಂದಿತು. ವಿದ್ಯಾರ್ಥಿಗಳು ಪದವಿ ಪಡೆಯುವ ಮುನ್ನ ಮೂರು ತಿಂಗಳು ಪರದೇಶದಲ್ಲಿ ಬಾಳಿ ಬರಬೇಕೆಂಬುದು ಅದರ ಆಶಯವಾಗಿತ್ತು. ಅದೂ ಯೂರೋಪಿನ ವೈಭವದ ನಗರಗಳಲ್ಲಲ್ಲ, ತಮ್ಮ ನಾಡಿಗಿಂತ ಬಡದಾದ ನಾಡುಗಳಲ್ಲಿ. ‘ವ್ಯಾಸಂಗ-ಸೇವಾ ಅವಧಿ’ ಎಂಬುದು ಇದರ ಹೆಸರು. ಮೊದಲ ತಂಡಗಳು ಕೋಸ್ಟರಿಕ, ಜಮೈಕ, ಗ್ವಾಡಲೂಪ್‌ಗಳಿಗೆ ತೆರಳಿದವು. 1948ರಲ್ಲಿಯೇ ತನ್ನ ಸೇನೆಯನ್ನು ವಿಸರ್ಜಿಸಿದ್ದ ಕೋಸ್ಟರಿಕ, ಯುದ್ಧವಿರೋಧಿ ಪಂಥದ ಮಕ್ಕಳಿಗೆ ಒದಗಿದ ಪಾಠಶಾಲೆಯಾದುದು ಎಂಥ ಸೊಗಸಾದ ಹೊಂದಿಕೆ!

ಬೇರುಗಳು

ಈ ಯೋಜನೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. 1920ರಲ್ಲಿ ರಷ್ಯದ ಕ್ಷಾಮಪೀಡಿತರಿಗೆ ಅನ್ನ ಒದಗಿಸಲು ಅಮೆರಿಕದ ಮೆನ್ನೊನೈಟರು ಕೇಂದ್ರ ಸಮಿತಿಯೊಂದನ್ನು ಕಟ್ಟಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಲೊಪ್ಪದ ಅವರ ತರುಣರು ಅರಣ್ಯಗಳಲ್ಲಿಯೂ ಮಾನಸಿಕ ರೋಗಿಗಳ ಆಸ್ಪತ್ರೆಗಳಲ್ಲಿಯೂ ದುಡಿದರು. 1951ರಿಂದ ಮುಂದೆ ತರುಣರ ತಂಡಗಳು ಜರ್ಮನಿಗೆ ಹೋಗಿ ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಕೊಟ್ಟವು. ಹೀಗೆ ಹೋಗಿ ಬಂದವರ ಅನುಭವವನ್ನು ತರಗತಿಯ ಒಳಕ್ಕೆ ತಂದದ್ದೇ ಗೋಷೆನ್ನಿನ ಹೊಸತನ.

ಮಾತು ಬಾರದ ಮಗು

ಏರ್ಪಾಡು ಸರಳವಾದುದು. ಸುಮಾರು ಇಪ್ಪತ್ತು ವಿದ್ಯಾರ್ಥಿಗಳ ತಂಡಕ್ಕೆ ಕಾಲೇಜಿನ ಅಧ್ಯಾಪಕರೊಬ್ಬರು, ಅನೇಕ ವೇಳೆ ಸಂಸಾರ ಸಮೇತರಾಗಿ, ಮುಂದಾಳುಗಳು. ಮೊದಲರ್ಧದಲ್ಲಿ ನಗರವಾಸ; ಆ ನಾಡಿನ ಭಾಷೆ, ಚರಿತ್ರೆ, ಕಲೆಗಳ ಅಭ್ಯಾಸ. ಉಳಿದರ್ಧದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಿಗೂ ಸಣ್ಣ ಪಟ್ಟಣಗಳಿಗೂ ಚದುರಿ, ಶಾಲೆ, ಚಿಕಿತ್ಸಾಲಯ, ಹೊಲತೋಟಗಳಲ್ಲಿ ಕೈಲಾದ ಕೆಲಸ ಮಾಡುವರು. ಎರಡು ಅವಧಿಗಳಲ್ಲಿಯೂ ವಾಸ ಮಾತ್ರ ಸ್ಥಳೀಯರ ಮನೆಗಳಲ್ಲಿ. ಪ್ರತಿಯೊಬ್ಬರೂ ದಿನಚರಿ ಬರೆಯಬೇಕು. ಅದನ್ನು ಅಧ್ಯಾಪಕರು ಓದುವರು.

ಇಲ್ಲಿಯ ನಿಜವಾದ ಗುರು ಆತಿಥೇಯ ಗೃಹಿಣಿ. ತನ್ನೂರಿನಲ್ಲಿ ಪ್ರಬಂಧ ಬರೆದು ಬಹುಮಾನ ಗಳಿಸಿದ ಇಪ್ಪತ್ತರ ತರುಣಿ, ಇಲ್ಲಿ ನೀರು ಬೇಕೆಂದು ಹೇಳಲೂ ತಡವರಿಸುವಳು. ಬಟ್ಟೆ ಒಗೆಯುವುದನ್ನೂ ಬಸ್ಸು ಹಿಡಿಯುವುದನ್ನೂ ಆ ಮನೆಯ ಎಂಟು ವರ್ಷದ ಹುಡುಗ ಅವಳಿಗೆ ಕಲಿಸಬೇಕು. ವಿದ್ಯಾವಂತೆ ಮಗುವಾಗುವಳು. ಈ ಸಣ್ಣತನದ ಅನುಭವವೇ ದೊಡ್ಡ ವಿದ್ಯೆ.

ತೀಕ್ಷ್ಣವಾದ ಪ್ರಶ್ನೆ

ಆದರೆ ಅದೇ 1968ರ ಏಪ್ರಿಲ್ 20ರಂದು, ಸೇವೆಗಾಗಿ ಮೆಕ್ಸಿಕೋಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಚಿಂತಕ ಐವನ್ ಇಲಿಚ್ ಮಾಡಿದ ಭಾಷಣ ಕೇಳುಗರ ಎದೆ ನಡುಗಿಸುವಂತಿತ್ತು. ಅವರೂ ಕ್ರೈಸ್ತ ಪಾದ್ರಿಗಳೇ. ಭಾಷೆಯೂ ತಿಳಿಯದೆ ಪರರನ್ನು ಉದ್ಧರಿಸಲು ಹೊರಡುವುದು ಅಹಂಕಾರ. ನೋಡಲು ಬನ್ನಿ, ಕಲಿಯಲು ಬನ್ನಿ, ನೆರವಾಗುತ್ತೇವೆಂದು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಿರುಳು.

ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆರು ವಾರಗಳಲ್ಲಿ ಅರೆಬರೆ ಭಾಷೆ ಬಲ್ಲ ವಿದ್ಯಾರ್ಥಿ ಯಾವ ಊರನ್ನು ಉದ್ಧರಿಸಿಯಾನು? ಶಿಶುವಿಹಾರದ ನೆಲ ಗುಡಿಸಲು ಸಾವಿರಾರು ಮೈಲಿ ದೂರದಿಂದ ವಿಮಾನವೇರಿ ಬರಬೇಕೆ? ಗೋಷೆನ್ನಿನ ಪದ್ಧತಿಯಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರವಿದೆ: ಅಲ್ಲಿ ಭಾಷೆ ಮೊದಲು, ಸೇವೆ ಆಮೇಲೆ. ಸೇವೆಯೆಂಬುದೂ ಉಪಕಾರಕ್ಕಿಂತ ಹೆಚ್ಚಾಗಿ, ಊರವರ ಜೊತೆ ಬೆವರು ಸುರಿಸಿ ಅವರ ದಿನವನ್ನು ಅರಿಯುವ ಒಂದು ದಾರಿ.

ಹಬ್ಬಿದ ಬಳ್ಳಿ

1980ರಲ್ಲಿ ಗೋಷೆನ್ನಿನ ತಂಡ ಚೀನಾದ ಸಿಚುವಾನ್ ಪ್ರಾಂತವನ್ನೂ ಮುಟ್ಟಿತು. ಈವರೆಗೆ ಏಳು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ಹೀಗೆ ಹೋಗಿ ಬಂದಿರುವರು. ಅತ್ತ 1976ರಲ್ಲಿ ಬೇರೆ ಬೇರೆ ಪಂಥಗಳ ಕ್ರೈಸ್ತ ಕಾಲೇಜುಗಳು ಒಕ್ಕೂಟವೊಂದನ್ನು ರಚಿಸಿಕೊಂಡವು. ಒಂದೊಂದು ಕಾಲೇಜು ತಾನೇ ನಡೆಸಲಾರದ ಸೆಮಿಸ್ಟರುಗಳನ್ನು ಎಲ್ಲವೂ ಕೂಡಿ ನಡೆಸುವುದು ಅದರ ಉಪಾಯ. ರಾಜಕೀಯ ಕಲಿಯಲು ವಾಷಿಂಗ್ಟನ್, ಚಲನಚಿತ್ರಕ್ಕೆ ಲಾಸ್ ಏಂಜಲೀಸ್, ಗ್ರಂಥಾಧ್ಯಯನಕ್ಕೆ ಆಕ್ಸ್‌ಫರ್ಡ್, ಆಫ್ರಿಕದ ಜೀವನವನ್ನು ಅರಿಯಲು ಉಗಾಂಡದ ಮುಕೊನೊ ಎಂಬಂತೆ ತಾಣಗಳು ಹೆಚ್ಚಿದವು.

ಕನ್ನಡ ನಾಡಿಗೂ ಈ ಬಳ್ಳಿಯ ಕುಡಿಯೊಂದು ಚಾಚಿದೆ. ಬೆಂಗಳೂರಿನ ಹೊರವಲಯದ ದೊಡ್ಡಗುಬ್ಬಿಯ ‘ವಿಸ್ತಾರ್’ ಸಂಸ್ಥೆಯಲ್ಲಿ, ಮಿನ್ನೆಸೋಟದ ಗಸ್ಟೇವಸ್ ಅಡಾಲ್ಫಸ್ ಮತ್ತು ಕಾನ್ಕಾರ್ಡಿಯ ಎಂಬ ಲೂಥರನ್ ಕಾಲೇಜುಗಳ ವಿದ್ಯಾರ್ಥಿಗಳು ಸೆಮಿಸ್ಟರ್ ಕಾಲ ನೆಲೆಸಿ ಸಾಮಾಜಿಕ ನ್ಯಾಯ, ಶಾಂತಿ, ಅಭಿವೃದ್ಧಿಗಳನ್ನು ಅಭ್ಯಸಿಸಿದ್ದುಂಟು.

ಈ ದಾರಿ ಯಾವಾಗಲೂ ಸುಗಮವಲ್ಲ. ಒಕ್ಕೂಟದವರು ಕೈರೋದಲ್ಲಿ ನಡೆಸುತ್ತಿದ್ದ ಸೆಮಿಸ್ಟರು, 2011ರ ಈಜಿಪ್ಟ್ ಕ್ರಾಂತಿಯ ಅನಂತರ ಅಲ್ಲಿಂದ ಕದಲಬೇಕಾಯಿತು. 2020ರ ಮಹಾಮಾರಿಯಂತೂ ಅಮೆರಿಕದ ಕಾಲೇಜುಗಳು ಎಲ್ಲೆಡೆಗೆ ಕಳುಹಿಸಿದ್ದ ಮಕ್ಕಳನ್ನು ಅರ್ಧದಲ್ಲಿಯೇ ಮನೆಗಟ್ಟಿತು.

ಉಳಿದ ಸಾಲ

ಇಷ್ಟಾದರೂ ಇಲಿಚ್ಚರ ಪ್ರಶ್ನೆಯ ಉಳಿದರ್ಧ ಹಾಗೆಯೇ ನಿಂತಿದೆ. ಮನೆಮಗಳೆನಿಸಿಕೊಂಡವಳು ಮೂರು ತಿಂಗಳಾದೊಡನೆ ತನ್ನ ರಹದಾರಿಯನ್ನು ಎತ್ತಿಕೊಂಡು ವಿಮಾನ ಹತ್ತುವಳು. ಅವಳಿಗೆ ಮಾತು ಕಲಿಸಿದ ಆ ಮನೆಯ ಹುಡುಗ, ದೊಡ್ಡವನಾದ ಮೇಲೆ ಇಂಡಿಯಾನಾದಲ್ಲಿ ಮೂರು ತಿಂಗಳು ಕಳೆಯಬಯಸಿದರೆ? ಅವನಿಗೆ ವೀಸಾ ಕೊಡುವವರಾರು, ವೆಚ್ಚ ಕೊಡುವವರಾರು? ಬಾಗಿಲು ಒಂದೇ ಕಡೆಗೆ ತೆರೆಯುವುದಾದರೆ ಅದು ಪೂರ್ಣವಾದ ನೆಂಟಸ್ತನವಾಗಲಾರದು.

ಆದುದರಿಂದ ಇಂಥ ವ್ಯಾಸಂಗದ ನಿಜವಾದ ಪರೀಕ್ಷೆ ಪರದೇಶದಲ್ಲಿ ನಡೆಯುವುದಿಲ್ಲ. ಹಿಂದಿರುಗಿದ ಮೇಲೆ ನಡೆಯುವುದು. ಒಂದಾನೊಂದು ಸಂಜೆ ತನ್ನ ಊರಿಗೆ ಬಂದ ಅಪರಿಚಿತನೊಬ್ಬ ಒಡಕು ಇಂಗ್ಲಿಷಿನಲ್ಲಿ ದಾರಿ ಕೇಳಿದಾಗ, ಆ ತರುಣಿಗೆ ನೀರು ಬೇಡಲು ತಡವರಿಸಿದ ತನ್ನ ದಿನಗಳು ನೆನಪಾಗಬೇಕು. ಬಾಗಿಲು ತೆರೆದು ಆತನಿಗೆ ಒಳಗೆ ಬರಹೇಳಿದಳಾದರೆ, ಅವಳು ತೇರ್ಗಡೆಯಾದಂತೆ.