ಸ್ಕಾಲಪ್‌ನ ಕಿತ್ತಳೆ ನಾಲಿಗೆ



ಸಸ್ಯಾಹಾರಿ ಮಿತ್ರರು ಮನ್ನಿಸಬೇಕು, ಈ ಸಲ ನನ್ನ ಬರಹ ಚಿಪ್ಪುಮೀನಿನ ಬಗ್ಗೆ. ಆದರೆ ವಿಷಯ ಅಡುಗೆಯಲ್ಲ, ಅದರ ಸಂತಾನದ ಕಥೆ.

ನಮ್ಮ ಲೀಡ್ಸ್‌ನ ಕರ್ಕ್‌ಗೇಟ್ ಮಾರ್ಕೆಟ್ಟಿನ ಮೀನಂಗಡಿಗಳಲ್ಲಿ ನೀವು ಸ್ಕಾಲಪ್ ನೋಡಿರಬಹುದು. ಬಿಳಿ ತಿರುಳಿನ ಪಕ್ಕದಲ್ಲಿ ನಾಲಿಗೆಯಂಥ ಒಂದು ಭಾಗವಿರುತ್ತದೆ. ಬುಡ ಕೆನೆಬಣ್ಣ, ತುದಿ ಕಿತ್ತಳೆ. ಕೆನೆಬಣ್ಣದ್ದು ಗಂಡಿನ ಭಾಗ, ಕಿತ್ತಳೆಯದು ಹೆಣ್ಣಿನದು. ಒಂದೇ ಜೀವಿಯಲ್ಲಿ ಎರಡೂ! ನಮ್ಮ ಮಂಗಳೂರಿನ ಪಚ್ಚಿಲೆಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಆದರೆ ಬಣ್ಣಗಳು ಹೆಚ್ಚುಕಡಿಮೆ ಇವೇ.

ವಸಂತದಲ್ಲಿ ಸಮುದ್ರದ ಸೂಕ್ಷ್ಮ ಪಾಚಿ ಹೆಚ್ಚಿದಾಗ ಸ್ಕಾಲಪ್‌ಗೆ ಹೊಟ್ಟೆ ತುಂಬ ಆಹಾರ. ಆಗ ಈ ನಾಲಿಗೆ ಉಬ್ಬುತ್ತದೆ. ನೀರು ಬೆಚ್ಚಗಾದಾಗ ಸಾಮಾನ್ಯವಾಗಿ ಮೊದಲು ವೀರ್ಯ, ಆಮೇಲೆ ಮೊಟ್ಟೆ ಹೊರಗೆ ಬರುತ್ತದೆ. ತನ್ನ ಮೊಟ್ಟೆಗೆ ತನ್ನದೇ ವೀರ್ಯ ಸೇರುವುದು ಇದರಿಂದ ಕಡಿಮೆಯಾಗುತ್ತದೆ. ಎಲ್ಲ ಬಿಟ್ಟ ಮೇಲೆ ನಾಲಿಗೆ ತೆಳ್ಳಗಾಗಿ ಬಣ್ಣಗೆಡುತ್ತದೆ.

ಮರಿಗಳು ಕೆಲವು ವಾರ ನೀರಿನಲ್ಲಿ ತೇಲಿ, ನಂತರ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತವೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಸಾಕಣೆಗಾರರು ಬಲೆಚೀಲಗಳನ್ನು ಇಳಿಬಿಟ್ಟು ಈ ಮರಿಗಳನ್ನೇ ಹಿಡಿಯುತ್ತಾರೆ. ಚೀಲ ಬೇಗ ಇಳಿಸಿದರೆ ಬೇರೆ ಜೀವಿಗಳು ಹತ್ತಿಕೊಳ್ಳುತ್ತವೆ. ತಡವಾದರೆ ಮರಿಗಳು ಬೇರೆಲ್ಲೋ ನೆಲೆಸಿರುತ್ತವೆ. ಆ ವರ್ಷದ ಬಿತ್ತನೆಯೇ ಹೋದಂತೆ. ಮಾರುವ ಗಾತ್ರಕ್ಕೆ ಬರಲು ನಾಲ್ಕೈದು ವರ್ಷ ಬೇಕು, ಆದ್ದರಿಂದ ನಷ್ಟ ಗೊತ್ತಾಗುವುದೂ ನಿಧಾನವಾಗಿಯೇ. ನೀರಿನ ಉಷ್ಣತೆ ಏರುಪೇರಾದರೆ ಹಳೆಯ ಲೆಕ್ಕಾಚಾರ ಕೈಕೊಡುತ್ತದೆ.

ಮಾರ್ಕೆಟ್ಟಿಗೆ ಬರುವ ಸ್ಕಾಲಪ್‌ನಲ್ಲಿ ಹೆಚ್ಚಿನದು ಸಾಕಿದ್ದಲ್ಲ, ಸಮುದ್ರದಿಂದ ಹಿಡಿದದ್ದು. ಅದಕ್ಕೂ ಬಿಡುವು ಬೇಕು. ಐಲ್ ಆಫ್ ಮ್ಯಾನ್‌ನಲ್ಲಿ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಕಿಂಗ್ ಸ್ಕಾಲಪ್ ಹಿಡಿಯುವಂತಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ ಇದ್ದಂತೆ.

ಇಲ್ಲಿ ಉಷ್ಣತೆ ಹೇಗೋ, ಊರಿನಲ್ಲಿ ಮಳೆ ಹಾಗೆ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ 1990ರ ದಶಕದಿಂದ ಹಿನ್ನೀರಿನಲ್ಲಿ ಹಗ್ಗ ಕಟ್ಟಿ ಪಚ್ಚಿಲೆ ಬೆಳೆಸುತ್ತಾರೆ. ಮಳೆಗಾಲ ಮುಗಿದ ಮೇಲೆ ಬಂಡೆಗಳಿಂದ ಮರಿಗಳನ್ನು ತಂದು ಕಟ್ಟಿ, ಮುಂದಿನ ಮಳೆಗೆ ಮೊದಲೇ ಕೊಯ್ಯಬೇಕು. ಸಿಹಿನೀರು ನುಗ್ಗಿ ಉಪ್ಪು ಇಳಿದರೆ ಪಚ್ಚಿಲೆ ಸಾಯುತ್ತದೆ.

ಮುಂದಿನ ಬಾರಿ ಸ್ಕಾಲಪ್ ಕೊಳ್ಳುವಾಗ ಆ ನಾಲಿಗೆಯನ್ನು ಗಮನಿಸಿ. ತುಂಬಿದೆಯೋ, ಸೊರಗಿದೆಯೋ? ಪಚ್ಚಿಲೆ, ಮರುವಾಯಿಯನ್ನು ಯಾವ ತಿಂಗಳಲ್ಲಿ ತೆಗೆಯಬಾರದೆಂದು ನಿಮ್ಮ ಮನೆಯ ಹಿರಿಯರು ಹೇಳಿದ್ದು ನೆನಪಿದ್ದರೆ ದಯವಿಟ್ಟು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.