ಕನಕಪುರದ ಹಾದಿಯೂ ಖಡ್ಗದ ನೆನಪೂ

ಅಂಜನಾಪುರದಿಂದ ಕನಕಪುರದ ಕಡೆಗೆ ಬಸ್ಸು ಹತ್ತುವ ನಾವು ಹಾರೋಬೆಲೆಯ ಬಂಧುಗಳ ಮನೆಯ ಹಬ್ಬವನ್ನು ನೆನೆಯುತ್ತೇವೆಯೇ ಹೊರತು ಯುದ್ಧವನ್ನಲ್ಲ. ಆದರೆ ಕನಕಪುರದ ಈ ಸೀಮೆಯ ಮೂಲಕವೇ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವೂ 1799ರಲ್ಲಿ ಹ್ಯಾರಿಸನ ಸೈನ್ಯವೂ ಶ್ರೀರಂಗಪಟ್ಟಣದತ್ತ ಸಾಗಿದವು. ಊರು ಶತ್ರುವಿನ ಉಪಯೋಗಕ್ಕೆ ಬಾರದಿರಲೆಂದು ಟಿಪ್ಪು ಸುಲ್ತಾನನು ಅಂದಿನ ಕಾನಕಾನಹಳ್ಳಿಯನ್ನು ಎರಡು ಬಾರಿ ನಾಶಮಾಡಿಸಿದನೆಂದು ಗೆಜೆಟಿಯರು ತಿಳಿಸುತ್ತದೆ. ಅರಸನ ಊರು ಅರಸನಿಂದಲೇ ಹಾಳಾಯಿತು. ಒಕ್ಕಲುಗಳ ಕಣ್ಣೀರನ್ನು ಕೇಳಿದವರಾರು?

ನಮ್ಮ ನೆರೆಯಲ್ಲಿ ನೆಲೆಸಿರುವ ಮಂಗಳೂರು ಮೂಲದ ಕುಟುಂಬಗಳಿಗೆ ಆ ಕಾಲದ ಇನ್ನೊಂದು ನೆನಪಿದೆ. 1784ರಲ್ಲಿ, ವಿಭೂತಿ ಬುಧವಾರದ ಸಮಯದಲ್ಲಿ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದೇವಾಲಯಗಳು ನೆಲಸಮವಾದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಅಸುನೀಗಿದರು. ಉಳಿದವರಿಗೆ ಬಿಡುಗಡೆ ದೊರೆತದ್ದು 1799ರ ಮೇ 4ರಂದು ಪಟ್ಟಣವು ಬಿದ್ದ ನಂತರವೇ.

ಈ ನೋವನ್ನು ಮರೆಯೆಂದು ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ಅದನ್ನು ಒಂದು ಮತದ ಮೇಲಿನ ದೂರಾಗಿ ಮಕ್ಕಳಿಗೆ ಹೇಳಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. 1791ರಲ್ಲಿ ಶೃಂಗೇರಿಯ ಮಠವನ್ನು ಸುಲಿದವರು ಮರಾಠರ ಸೈನ್ಯದವರು. ಆ ಮಠಕ್ಕೆ ನೆರವು ಕಳುಹಿಸಿದವನು ಟಿಪ್ಪು. ನಮ್ಮ ಹಿರಿಯರನ್ನು ಬಿಡಿಸಿದ ಆಂಗ್ಲರಾದರೂ ದಯಾಮೂರ್ತಿಗಳೇನಲ್ಲ. 1792ರಲ್ಲಿ ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದವರು, 1799ರಲ್ಲಿ ಶ್ರೀರಂಗಪಟ್ಟಣವನ್ನು ಲೂಟಿಮಾಡಿದವರು ಅವರೇ. ಅಧಿಕಾರದ ಖಡ್ಗಕ್ಕೆ ಸ್ವಂತ ಧರ್ಮವೆಂಬುದಿಲ್ಲ. ಬೇಕಾದಾಗ ಯಾವುದೋ ಒಂದು ಧರ್ಮದ ಒರೆಯನ್ನು ತೊಡುತ್ತದೆ, ಅಷ್ಟೇ.

ಹಾಗಾದರೆ ಯುದ್ಧ ಮುಗಿದ ಮೇಲೆ ಉಳಿದದ್ದೇನು? ಚದುರಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರ ಕೈಯಲ್ಲಿ ಆಯುಧವಿರಲಿಲ್ಲ. ಅವರು ನಿರ್ಗತಿಕರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಪ್ರಚುರಪಡಿಸಿದರು. ಬತ್ತೇರಿಗಳು ಪಾಳುಬಿದ್ದವು, ಲಸಿಕೆಯಿಂದ ಬದುಕಿದ ಕೂಸುಗಳ ಸಂತತಿ ಇಂದಿಗೂ ಈ ನಾಡಿನಲ್ಲಿದೆ.

ಇದು ಬರಿಯ ಹಳೆಯ ಕಥೆಯಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ಹಳೆಯ ಗಾಯ ಮತ್ತೆ ಬಿರಿಯಿತು. ಅಂಥ ಗಳಿಗೆಯಲ್ಲಿ ನ್ಯಾಯವನ್ನು ಕೇಳುವುದು ನಮ್ಮ ಹಕ್ಕು, ಕರ್ತವ್ಯವೂ ಹೌದು. ಸೇಡನ್ನು ಬಯಸುವುದು ಮಾತ್ರ ನಮ್ಮ ಹಾದಿಯಲ್ಲ. ತನ್ನನ್ನು ರಕ್ಷಿಸಲು ಪೇತ್ರನು ಹಿರಿದ ಖಡ್ಗವನ್ನೇ ಪ್ರಭು ಯೇಸು ಒರೆಗೆ ಸೇರಿಸಲು ಆಜ್ಞಾಪಿಸಿದರಲ್ಲವೇ? ಅದು ಅನ್ಯಾಯದ ಖಡ್ಗವಾಗಿರಲಿಲ್ಲ, ಪ್ರೀತಿಯ ಖಡ್ಗವಾಗಿತ್ತು. ಆದರೂ ಅವರು ಅದನ್ನು ಒಪ್ಪಲಿಲ್ಲ.

ಈ ಸಂಜೆ ಜಪಸರ ಮುಗಿದ ಮೇಲೆ ಮಕ್ಕಳಿಗೆ ಹಿರಿಯರ ಸೆರೆವಾಸದ ಕಥೆಯನ್ನು ಹೇಳೋಣ. ಜೊತೆಗೆ ಶೃಂಗೇರಿಯ ಕಥೆಯನ್ನೂ, ಒತ್ತೆಯಾಗಿ ಹೋದ ಆ ಇಬ್ಬರು ಬಾಲಕರ ಕಥೆಯನ್ನೂ ಹೇಳೋಣ. ಅನ್ಯರ ಕಣ್ಣೀರನ್ನು ಬಲ್ಲ ಮಗು ನಾಳೆ ಯಾರ ಕೈಯ ಖಡ್ಗವೂ ಆಗದು.