ಕಾಗದದ ಮೇಲೊಂದು ಫಾರ್ಮಾಲಿನ್ ಕಾರ್ಖಾನೆ

ಕೆಮಿಕಲ್ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳ ಗ್ರಂಥಾಲಯದಲ್ಲಿ ರೆಕ್ಸಿನ್ ಹೊದಿಕೆಯ ದಪ್ಪ ವರದಿಗಳು ಸಾಲಾಗಿ ನಿಂತಿರುತ್ತವೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಮೂವರೋ ನಾಲ್ವರೋ ತಂಡ ಕಟ್ಟಿಕೊಂಡು ಗೈಡ್ ಒಬ್ಬರ ಕೈಕೆಳಗೆ ಮಾಡಿದ ಕಾರ್ಖಾನೆಯ ವಿನ್ಯಾಸಗಳು ಅವು. ಅಸಿಟೋನ್, ಫೀನಾಲ್, ನೈಟ್ರೋಬೆಂಜೀನ್ ಎಂದು ನೋಡುತ್ತಾ ಹೋದರೆ ಫಾರ್ಮಾಲ್ಡಿಹೈಡ್ ಒಮ್ಮೆಯಾದರೂ ಸಿಕ್ಕೇ ಸಿಗುತ್ತದೆ. ಈ ಕಾರ್ಖಾನೆಗಳಿಗೆ ಯಾರೂ ಅಡಿಪಾಯ ಹಾಕುವುದಿಲ್ಲ. ಆದರೂ ನಾಲ್ಕು ವರ್ಷದ ಓದಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಶಾಖ, ಹರಿವು, ರಾಸಾಯನಿಕ ಕ್ರಿಯೆ ಎಂದು ಬೇರೆಬೇರೆ ಪರೀಕ್ಷೆ ಬರೆದು ಮುಗಿಸಿದ ವಿಷಯಗಳೆಲ್ಲ ಒಂದರ ಕೈ ಇನ್ನೊಂದು ಹಿಡಿಯುವುದು ಇಲ್ಲಿಯೇ.

ಫಾರ್ಮಾಲ್ಡಿಹೈಡ್ ನಮ್ಮ ಮನೆಗಳಿಗೆ ಬಂದು ಬಹಳ ಕಾಲವಾಯಿತು. ಪ್ಲೈವುಡ್ಡಿನ ಪದರಗಳನ್ನು ಹಿಡಿದಿಡುವ ಅಂಟಿನಲ್ಲಿ, ಮೆಲಮೈನ್ ತಟ್ಟೆಯಲ್ಲಿ, ಹಳೆಯ ಮನೆಗಳ ಕಪ್ಪು ಬೇಕಲೈಟ್ ಸ್ವಿಚ್ಚಿನಲ್ಲಿ ಅದೇ ಇದೆ. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದ ಆ ಕಟುವಾಸನೆಯೂ ಅದರದೇ. ಬಿಸಿ ಪ್ಲಾಟಿನಂ ತಂತಿಯ ಮೇಲೆ ಮೆಥನಾಲ್ ಆವಿಯನ್ನೂ ಗಾಳಿಯನ್ನೂ ಹಾಯಿಸಿ ಜರ್ಮನಿಯ ಹಾಫ್‌ಮನ್ ಇದನ್ನು ಪಡೆದದ್ದು 1860ರ ದಶಕದಲ್ಲಿ. ಇವತ್ತಿನ ಕಾರ್ಖಾನೆಯಲ್ಲೂ ಕಚ್ಚಾ ಸಾಮಗ್ರಿ ಮೆಥನಾಲ್ ಮತ್ತು ಗಾಳಿಯೇ.

ವಿದ್ಯಾರ್ಥಿಯ ಮೊದಲ ಕಷ್ಟ ಇರುವುದೂ ಈ ಎರಡರ ಬೆರಕೆಯಲ್ಲೇ. ಗಾಳಿಯಲ್ಲಿ ಮೆಥನಾಲ್ ಆವಿಯ ಪ್ರಮಾಣ ಸುಮಾರು ಶೇ 6ರಿಂದ ಶೇ 36ರ ನಡುವೆ ಇದ್ದರೆ ಒಂದು ಕಿಡಿ ಸಾಕು, ಮಿಶ್ರಣ ಸ್ಫೋಟಿಸುತ್ತದೆ. ಹಾಗಾಗಿ ಕಾರ್ಖಾನೆ ಈ ವಲಯದ ಮೇಲಾದರೂ ಇರಬೇಕು, ಕೆಳಗಾದರೂ ಇರಬೇಕು. ಮೆಥನಾಲ್ ಹೆಚ್ಚಿಟ್ಟು ಮೇಲಿನಿಂದ ಹೋಗುವುದು ಬೆಳ್ಳಿಯನ್ನು ವೇಗವರ್ಧಕವಾಗಿ ಬಳಸುವ ವಿಧಾನ. ಗಾಳಿ ಹೆಚ್ಚಿಟ್ಟು ಕೆಳಗಿನಿಂದ ಹೋಗುವುದು ಕಬ್ಬಿಣ ಮತ್ತು ಮಾಲಿಬ್ಡಿನಮ್ ಆಕ್ಸೈಡಿನ ವಿಧಾನ. ವರದಿಯ ಎರಡನೆಯ ಅಧ್ಯಾಯದಲ್ಲಿ ತೆಗೆದುಕೊಳ್ಳುವ ಈ ತೀರ್ಮಾನ ಮುಂದಿನ ಪ್ರತಿ ಪೈಪಿನ ಗಾತ್ರವನ್ನೂ ನಿರ್ಧರಿಸುತ್ತದೆ. ಸುರಕ್ಷತೆ ಕೊನೆಯ ಅಧ್ಯಾಯದ ವಿಷಯ ಅಂದುಕೊಂಡು ಕೂತ ತಂಡಕ್ಕೆ ಅದು ಆರಂಭದಲ್ಲೇ ಎದುರಾಗುತ್ತದೆ.

ಬೆಳ್ಳಿಯ ದಾರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ನಿಜಕ್ಕೂ ಸುಂದರವಾದದ್ದು. ಇಡೀ ಕಾರ್ಖಾನೆಯ ಹೃದಯ ಎರಡು ಮೂರು ಸೆಂಟಿಮೀಟರ್ ದಪ್ಪದ ಬೆಳ್ಳಿ ಹರಳುಗಳ ಹಾಸು. ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಗೆ ಕಾದ ಆ ಹಾಸನ್ನು ಅನಿಲ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಒಳಗೆ ಎರಡು ಕ್ರಿಯೆಗಳು ಒಟ್ಟಿಗೇ ನಡೆಯುತ್ತವೆ. ಕೆಲವು ಮೆಥನಾಲ್ ಅಣುಗಳು ಆಮ್ಲಜನಕದೊಡನೆ ಸೇರಿ ಮೋಲ್ ಒಂದಕ್ಕೆ ಸುಮಾರು 156 ಕಿಲೋಜೂಲ್ ಶಾಖ ಕೊಡುತ್ತವೆ. ಉಳಿದವು ಹೈಡ್ರೋಜನ್ ಕಳಚಿಕೊಳ್ಳುತ್ತಾ ಮೋಲ್ ಒಂದಕ್ಕೆ ಸುಮಾರು 85 ಕಿಲೋಜೂಲ್ ತೆಗೆದುಕೊಳ್ಳುತ್ತವೆ. ಒಂದು ಕೊಟ್ಟದ್ದರಲ್ಲಿ ಇನ್ನೊಂದು ನಡೆಯುತ್ತದೆ. ಹೊರಬಂದ ಬಿಸಿ ಅನಿಲವನ್ನು ತಕ್ಷಣ ತಣಿಸದಿದ್ದರೆ ಫಾರ್ಮಾಲ್ಡಿಹೈಡ್ ಒಡೆದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೇ ಹಾಸಿನ ಕೆಳಗೇ ಬಾಯ್ಲರ್ ಕೊಳವೆಗಳು. ಅಲ್ಲಿ ಹುಟ್ಟುವ ಹಬೆಯನ್ನು ಕಾರ್ಖಾನೆಯೇ ಬಳಸಿಕೊಳ್ಳುತ್ತದೆ.

ಆಮೇಲೆ ಲೆಕ್ಕ. ದಿನಕ್ಕೆ 100 ಟನ್ ಫಾರ್ಮಾಲಿನ್ ಬೇಕು ಎಂದಿಟ್ಟುಕೊಳ್ಳೋಣ. ಫಾರ್ಮಾಲಿನ್ ಎಂದರೆ ಶೇ 37 ಫಾರ್ಮಾಲ್ಡಿಹೈಡ್ ಇರುವ ನೀರಿನ ದ್ರಾವಣ. ಅಂದರೆ ಗಂಟೆಗೆ ಸುಮಾರು 1,542 ಕಿಲೋ ಫಾರ್ಮಾಲ್ಡಿಹೈಡ್. ಏನೂ ನಷ್ಟವಿಲ್ಲದಿದ್ದರೆ ದಿನಕ್ಕೆ ಮೂವತ್ತೊಂಬತ್ತೂವರೆ ಟನ್ ಮೆಥನಾಲ್ ಸಾಕು. ಇಳುವರಿ ಶೇ 90 ಎಂದು ಹಿಡಿದರೆ ಸುಮಾರು 44 ಟನ್ ಬೇಕು. ಆ ನಾಲ್ಕೂವರೆ ಟನ್ ಎಲ್ಲಿ ಹೋಯಿತು? ಕಿರಾಣಿ ಅಂಗಡಿಯ ಜಮಾಖರ್ಚಿನ ಹಾಗೆ ಪ್ರತಿ ಕಿಲೋಗೂ ವಿಳಾಸ ಬೇಕು: ಇಂಗಾಲದ ಡೈಆಕ್ಸೈಡ್, ಫಾರ್ಮಿಕ್ ಆಮ್ಲ, ಕ್ರಿಯೆಗೆ ಒಳಗಾಗದೆ ಉಳಿದ ಮೆಥನಾಲ್. ಒಳಗೆ ಹೋದದ್ದೂ ಹೊರಗೆ ಬಂದದ್ದೂ ತಾಳೆಯಾಗದೆ ತಂಡದವರು ರಾತ್ರಿಯೆಲ್ಲ ಹಾಸ್ಟೆಲಿನಲ್ಲಿ ಎದ್ದಿರುವುದು ಈ ಅಧ್ಯಾಯದಲ್ಲೇ. ಈಗ ಸಾಫ್ಟ್‌ವೇರ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಆದರೂ ಒಮ್ಮೆ ಕೈಯಾರೆ ಮಾಡಿದವರಿಗೆ ಪರದೆಯ ಮೇಲಿನ ತಪ್ಪು ಸಂಖ್ಯೆ ಬೇಗ ಕಣ್ಣಿಗೆ ಬೀಳುತ್ತದೆ.

ಕಾರ್ಖಾನೆ ಎಲ್ಲಿರಬೇಕು ಎಂಬುದಕ್ಕೂ ಅದೇ ಲೆಕ್ಕದಲ್ಲಿ ಉತ್ತರವಿದೆ. ಫಾರ್ಮಾಲಿನ್‌ನ ಮೂರರಲ್ಲಿ ಎರಡು ಪಾಲಿನಷ್ಟು ಬರೀ ನೀರು. 44 ಟನ್ ಮೆಥನಾಲ್ ಸಾಗಿಸುವ ಬದಲು 100 ಟನ್ ಫಾರ್ಮಾಲಿನ್ ಸಾಗಿಸುವುದರಲ್ಲಿ ಅರ್ಥವಿಲ್ಲ. ಸಾಲದ್ದಕ್ಕೆ, ಚಳಿ ತಗುಲಿದರೆ ಅದರಲ್ಲಿ ಬಿಳಿ ಗಸಿಯೂ ಕಟ್ಟುತ್ತದೆ. ಅದನ್ನು ತಡೆಯಲು ಸ್ವಲ್ಪ ಮೆಥನಾಲನ್ನು ಹಾಗೇ ಉಳಿಸುತ್ತಾರೆ. ಆದ್ದರಿಂದ ಕಾರ್ಖಾನೆ ಅಂಟು ತಯಾರಿಸುವವರ, ಪ್ಲೈವುಡ್ ಮಾಡುವವರ ಪಕ್ಕದಲ್ಲಿರುವುದು ಲೇಸು. ಆದರೆ ಭಾರತ ತನಗೆ ಬೇಕಾದ ಮೆಥನಾಲ್‌ನ ಬಹುಪಾಲನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತದೆ. ಮಂಗಳೂರಿನ ಬಂದರೋ, ಪ್ಲೈವುಡ್ ಕಾರ್ಖಾನೆಗಳು ಒತ್ತೊತ್ತಾಗಿರುವ ಕೇರಳದ ಪೆರುಂಬಾವೂರೋ? ವಿದ್ಯಾರ್ಥಿ ನಕಾಶೆ ಬಿಚ್ಚಿ ಕೂರಲೇಬೇಕಾಗುತ್ತದೆ.

ಉಪಕರಣಗಳ ಅಧ್ಯಾಯ ಉದ್ದದ್ದು, ಸೂತ್ರಗಳಿಂದ ತುಂಬಿದ್ದು. ಅನಿಲವನ್ನು ನೀರಿಗೆ ಹೀರಿಸುವ ಗೋಪುರಕ್ಕೆ ಟ್ರೇಬಲ್ ಬರೆದ ಪಠ್ಯಪುಸ್ತಕ, ಶಾಖವಿನಿಮಯಕ್ಕೆ ಕರ್ನ್ ಬರೆದದ್ದು, ಮಿಕ್ಕಿದ್ದಕ್ಕೆಲ್ಲ ಪೆರ್ರಿಯ ಕೈಪಿಡಿ. ಫಾರ್ಮಿಕ್ ಆಮ್ಲ ಸಾಧಾರಣ ಉಕ್ಕನ್ನು ತಿನ್ನುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಬರೆಯಬೇಕು, ಬರೆದ ಕೂಡಲೇ ವೆಚ್ಚ ಏರುತ್ತದೆ.

ಈ ವರದಿಗಳಲ್ಲಿ ನನಗೆ ಬೇಸರ ತರಿಸುವುದು ಸುರಕ್ಷತೆಯ ಅಧ್ಯಾಯ. ಎಷ್ಟೋ ಕಡೆ ಕೈಗವಸು, ಕನ್ನಡಕ, ಬೆಂಕಿ ಆರಿಸುವ ಸಿಲಿಂಡರ್ ಎಂದು ಎರಡು ಪುಟದಲ್ಲಿ ಮುಗಿದುಹೋಗಿರುತ್ತದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ತೀರ್ಮಾನಿಸಿದೆ. 1984ರ ಭೋಪಾಲ್ ದುರಂತದ ಬಳಿಕ, 1987ರಲ್ಲಿ, ನಮ್ಮ ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಕೈಗಾರಿಕೆಗಳ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಸೇರಿತು. ಪಂಪಿನ ಸೀಲ್ ಸೋರಿದರೆ ಆ ಗಾಳಿಯನ್ನು ಉಸಿರಾಡುವವರು ಯಾರು, ಟ್ಯಾಂಕರ್ ತುಂಬುವಾಗ ಗಾಳಿ ಯಾವ ದಿಕ್ಕಿಗೆ ಬೀಸುತ್ತಿರುತ್ತದೆ, ಹತ್ತಿರದ ಮನೆಗಳು ಎಷ್ಟು ದೂರ ಎಂದೆಲ್ಲ ವಿದ್ಯಾರ್ಥಿ ಇಪ್ಪತ್ತೊಂದನೆಯ ವಯಸ್ಸಿನಲ್ಲೇ ಕೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೇಲೆ ಕೇಳಿಕೊಳ್ಳಲು ಪುರುಸೊತ್ತು ಸಿಗುವುದು ಕಷ್ಟ.

ಕೊನೆಗೆ ವೆಚ್ಚದ ಅಂದಾಜು. ಇಳುವರಿ ಶೇ 90ರಿಂದ 91ಕ್ಕೆ ಏರಿದರೆ ನಮ್ಮ ಕಾರ್ಖಾನೆ ದಿನಕ್ಕೆ ಅರ್ಧ ಟನ್ನಿನಷ್ಟು ಮೆಥನಾಲ್ ಉಳಿಸುತ್ತದೆ. ವರ್ಷದಲ್ಲಿ 330 ದಿನ ನಡೆದರೆ ಅದು ಸುಮಾರು 160 ಟನ್. ಇಲ್ಲಿಗೆ ಬಂದಾಗ ಎರಡನೆಯ ಅಧ್ಯಾಯದಲ್ಲಿ ಕೈಬಿಟ್ಟ ಆಕ್ಸೈಡಿನ ವಿಧಾನ ಮತ್ತೆ ತಲೆ ಎತ್ತುತ್ತದೆ. ಅದರ ಇಳುವರಿ ಹೆಚ್ಚು, ಉಷ್ಣತೆ ಕಡಿಮೆ. ಆದರೆ ಅಷ್ಟೊಂದು ಗಾಳಿಯನ್ನು ನೂಕಲು ಬ್ಲೋವರ್ ದೊಡ್ಡದಾಗಬೇಕು, ಗೋಪುರ ಅಗಲವಾಗಬೇಕು, ಕರೆಂಟಿನ ಬಿಲ್ಲೂ ಏರುತ್ತದೆ. ಯಾವುದನ್ನು ಆರಿಸಿಕೊಂಡರೂ ಸರಿಯೇ. ವೈವಾದ ದಿನ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ವರದಿ ತಿರುವಿಹಾಕಿ, ಇನ್ನೊಂದನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ; ಅಂಕಿಅಂಶ ಮುಂದಿಟ್ಟು ಉತ್ತರ ಕೊಡಬೇಕು.